ಎಡಗಡೆ ಸೀಟಿನ ಅರವತ್ತು ಕೆಜಿ

ಇದು ಕಟ್ಟುಕಥೆ ಅನ್ನುವವರು ನನ್ನ ವೇಬ್ರಿಡ್ಜಿಗೆ ಬರಬಹುದು. ತಾರೀಖು, ಗಂಟೆ, ತೂಕ ಮೂರೂ ಅಚ್ಚಾದ ಚೀಟಿ ಡ್ರಾಯರಿನಲ್ಲಿದೆ, ತೆಗೆದು ತೋರಿಸುತ್ತೇನೆ. ನಾನು ದೆವ್ವ ಭೂತ ನಂಬುವ ಆಸಾಮಿಯಲ್ಲ. ನಿಜ ಹೇಳಬೇಕೆಂದರೆ ಮನುಷ್ಯರ ಮಾತನ್ನೂ ಅಷ್ಟಾಗಿ ನಂಬುವುದಿಲ್ಲ.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಯ ಪಕ್ಕ ಇಪ್ಪತ್ತೆರಡು ವರ್ಷದಿಂದ ಲಾರಿ ತೂಗುವ ಕಾಟ ನಡೆಸುತ್ತಿದ್ದೇನೆ. ಮೆಕ್ಕೆಜೋಳದ ಲಾರಿ, ಭತ್ತದ ಟ್ರ್ಯಾಕ್ಟರ್, ಜಲ್ಲಿಯ ಟಿಪ್ಪರ್... ಡ್ರೈವರ್ ಒಂದು ಹೇಳುತ್ತಾನೆ, ವ್ಯಾಪಾರಿ ಇನ್ನೊಂದು ಹೇಳುತ್ತಾನೆ. ಕಾಟ ಮಾತ್ರ ಇದ್ದದ್ದು ಹೇಳುತ್ತದೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ಗಾದೆ ಇದೆಯಲ್ಲ, ನನಗೆ ನನ್ನ ಕಾಟವೇ ಒದೆಯಿತು.

ದಿನವಿಡೀ ಭಾರ ತೂಗುವವನಿಗೆ ಹಗುರದ ಹುಚ್ಚು ಹಿಡಿಯಿತು. ಕೊಯಮತ್ತೂರಿನ ಒಂದು ಶೆಡ್ಡಿನಲ್ಲಿ ಹಳೇ ಬ್ರಿಟಿಷ್ ಮಾದರಿಯ ಸ್ಪೋರ್ಟ್ಸ್ ಕಾರು ಕಟ್ಟಿಕೊಡುತ್ತಾರೆಂದು ತಿಳಿದು, ಒಂದು ಕಟ್ಟಿಸಿಕೊಂಡು ಬಂದೆ. ಪೈಪಿನ ಚೌಕಟ್ಟು, ಮೇಲೆ ಅಲ್ಯೂಮಿನಿಯಂ ತಗಡು, ಉದ್ದ ಮೂತಿ, ಎರಡು ಸೀಟು. ಟಾಪ್ ಇಲ್ಲ, ಬಾಗಿಲಿಲ್ಲ, ಎಸಿ ಇಲ್ಲ, ಹಾಡು ಕೇಳಲಿಕ್ಕೆ ಏನೂ ಇಲ್ಲ. ಕೂತರೆ ರಸ್ತೆ ಕೈಗೆ ಸಿಗುತ್ತದೆ. ಸ್ಟೆಪ್ನಿಯನ್ನೂ ಭಾರ ಅಂತ ಬಿಚ್ಚಿಟ್ಟೆ. ಕಾಟದ ಮೇಲೆ ಐನೂರ ಅರವತ್ತು ಕೆಜಿ ತೂಗಿತು, ಒಂದು ಒಳ್ಳೇ ಎಮ್ಮೆಗಿಂತ ಚೂರು ಹೆಚ್ಚು. ನಾನು ಎಪ್ಪತ್ತು. ಇಬ್ಬರೂ ಸೇರಿ ಆರುನೂರ ಮೂವತ್ತು. ಈ ಲೆಕ್ಕ ನೆನಪಿಟ್ಟುಕೊಳ್ಳಿ.

"ಬಾಡಿ ಯಾವಾಗ ಬರ್ತೈತ್ರಿ ಸಾವ್ಕಾರ್ರೆ?" ಅಂತ ಓಣಿಯವರು ನಕ್ಕರು. ನಗಲಿ ಬಿಡಿ. ನನಗೆ ಬೇಜಾರಾದದ್ದು ನನ್ನ ಹೆಂಡತಿ ಗಿರಿಜಾಳಿಂದ.

ಅವಳು ಒಮ್ಮೆ ಕೂತಳು. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಿಂದ ಓಣಿಯ ಮೂಲೆ ತನಕ, ಅಷ್ಟೇ.

"ನಿಲ್ಲಸ್ರಿ. ಬಸ್ಸಿನಾಗಿನ ಜನ ಎಲ್ಲಾ ನನ್ನ ಮಡಿಲಾಗೆ ಇಣುಕ್ತಾರೆ. ಈ ಬಾಣಲಿಯಾಗೆ ಇನ್ನೊಂದು ಸಲ ಕೂಡ್ರಲ್ಲ ನಾನು."

ಇಳಿದು ನಡೆದುಕೊಂಡೇ ಮನೆಗೆ ಹೋದಳು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಇಬ್ಬರೇ, ಕಾರಿನಲ್ಲೂ ಎರಡೇ ಸೀಟು ಅಂತ ಆಸೆಪಟ್ಟು ತಂದಿದ್ದೆ. ಎಡಗಡೆ ಸೀಟು ಖಾಲಿಯೇ ಉಳಿಯಿತು. ಅದರ ಬೆಲ್ಟು ಗಾಳಿಗೆ ಪಟಪಟ ಬಡಿಯುತ್ತದೆಂದು ಅದನ್ನು ಖಾಲಿ ಸೀಟಿಗೇ ಹಾಕಿ ಬಿಗಿದಿಟ್ಟೆ.

ನಮ್ಮೂರ ಬಿಸಿಲಿಗೆ ಟಾಪಿಲ್ಲದ ಕಾರಿನಲ್ಲಿ ಹಗಲು ಕೂತರೆ ಮಂಡಕ್ಕಿ ಹುರಿದಂಗೆ ಹುರಿದು ಹೋಗುತ್ತೇವೆ. ಅದಕ್ಕೇ ಬೆಳಗಿನ ಜಾವ ನಾಲ್ಕೂವರೆಗೆ ಏಳುವ ರೂಢಿ ಮಾಡಿಕೊಂಡೆ. ಹರಿಹರದ ಹೊಳೆ ಸೇತುವೆ ತನಕ ಹೋಗಿ, ಅಲ್ಲೇ ತಿರುಗಿಸಿ, ಬೆಳಕು ಹರಿಯುವುದರೊಳಗೆ ವಾಪಸ್. ಊರು ದಾಟುವಾಗ ಮಂಡಕ್ಕಿ ಭಟ್ಟಿಗಳ ಹೊಟ್ಟಿನ ಹೊಗೆ, ಆಮೇಲೆ ಕಾಲುವೆ ನೀರಿನ ತಂಪು, ಗದ್ದೆಯ ಕೆಸರಿನ ವಾಸನೆ, ಕಪ್ಪೆಗಳ ಸದ್ದು. ಅಷ್ಟು ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಒಂದು ದಿನ, ವಾಪಸ್ ಬರುವಾಗ, ಕಾರು ಯಾಕೋ ಬೇರೆ ಥರ ಇತ್ತು.

ಹಗುರ ಕಾರು ಏನನ್ನೂ ಮುಚ್ಚಿಡುವುದಿಲ್ಲ. ಜೇಬಿನಲ್ಲಿ ಬೀಗದಕೈ ಗೊಂಚಲು ಇದ್ದರೂ ಗೊತ್ತಾಗುತ್ತದೇನೋ ಅನ್ನುವಂಥ ಕಾರು ಅದು. ತಿರುವಿನಲ್ಲಿ ಎಡಕ್ಕೆ ವಾಲಿತು. ದಿನಾ ಸಲೀಸಾಗಿ ದಾಟುತ್ತಿದ್ದ ಹಂಪಿನ ಮೇಲೆ ಹೊಟ್ಟೆ 'ಕರ್' ಅಂತ ತಾಗಿತು. ಎಡಗಡೆ ಟೈರಿನಲ್ಲಿ ಗಾಳಿ ಇಳಿದಿರಬೇಕೆಂದು ನಿಲ್ಲಿಸಿ ನೋಡಿದೆ. ಗಾಳಿ ಸರಿಯಾಗಿಯೇ ಇತ್ತು.

ಮತ್ತೆ ಹೊರಟಾಗ ಒಂದು ವಾಸನೆ... ಮಂಡಿನೋವಿನ ಮುಲಾಮಿನದು. ರಾತ್ರಿ ಗಿರಿಜಾಳ ಮಂಡಿಗೆ ನಾನೇ ಹಚ್ಚಿದ್ದೆ, ಕೈಗೆ ಅಂಟಿಕೊಂಡಿರಬೇಕು ಅಂದುಕೊಂಡೆ. ಆದರೆ ಅರವತ್ತರ ಸ್ಪೀಡಿನಲ್ಲಿ, ನಾಲ್ಕೂ ಕಡೆ ಬಯಲಾದ ಕಾರಿನಲ್ಲಿ ಯಾವ ವಾಸನೆಯಾದರೂ ನಿಲ್ಲುತ್ತದೆಯೇ? ಇದು ಊರು ಮುಟ್ಟುವ ತನಕ ನಿಂತಿತ್ತು.

ಅದಾಗಿ ಹದಿನೈದು ದಿನಕ್ಕೆ ಬಸಣ್ಣ ಮನೆಗೆ ಬಂದ. ಬಸಣ್ಣ ಗಿರಿಜಾಳ ಚಿಕ್ಕಪ್ಪನ ಮಗ, ಅವಳ ತವರು ನಂದಿಗುಡಿಯಿಂದ ದಾವಣಗೆರೆಗೆ ಬರುವ ಬೆಳಗಿನ ಮೊದಲ ಬಸ್ಸಿನ ಡ್ರೈವರ್. ಅಕ್ಕನ ಕೈಯ ಅವಲಕ್ಕಿ ತಿಂದು, ನಾನು ಒಳಗಿದ್ದೇನೆ ಅನ್ನುವುದು ಗೊತ್ತಿಲ್ಲದೆ ಅಡುಗೆಮನೆಯಲ್ಲಿ ಪಿಸುಗುಟ್ಟಿದ.

"ಅಕ್ಕಾ, ತಪ್ಪು ತಿಳೀಬ್ಯಾಡ... ಭಾವಾರ ಪಕ್ಕದಾಗೆ ಯಾರೋ ಹೆಣ್ಮಗಳು ಕುಂತಿದ್ರು. ಎರಡು ಸಲ ನೋಡೀನಿ. ಮೇಲಿಂದ ತಾಟು ನೋಡ್ದಂಗೆ ಕಾಣ್ತೈತೆ ಆ ಕಾರು. ತಲೆ ತುಂಬಾ ಶಾಲು ಹೊದ್ದಿದ್ರು, ಮುಖ ಕಾಣ್ಲಿಲ್ಲ."

ನನ್ನ ಮೈ ಉರಿದು ಹೋಯಿತು. ಹೊರಗೆ ಬಂದು ಕೂಗಾಡಿದೆ. ಬಸಣ್ಣ ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿ ಹೋದ. ಗಿರಿಜಾ ಮಾತ್ರ ಕೂಗಾಡಲಿಲ್ಲ. ರಾತ್ರಿ ಊಟಕ್ಕೆ ಬಡಿಸಿ ಎದುರಿಗೆ ಕೂತಳು.

"ಯಾರ್ರಿ ಆಕಿ?"

"ಯಾರೂ ಇಲ್ಲ ಮಾರಾಯ್ತಿ. ನಾನೊಬ್ನೇ ಹೋಗೋದು."

"ಬಸಣ್ಣ ಸುಳ್ಳು ಹೇಳೋ ಹುಡುಗ ಅಲ್ಲ. ನೀವು ಖರೆ ಹೇಳದಿದ್ರೆ ನಾನು ನಂದಿಗುಡಿಗೆ ಹೋಗ್ತೀನಿ. ವಾಪಸ್ ಬರಂಗಿಲ್ಲ."

ಬ್ಯಾಗು ಆಗಲೇ ಮಂಚದ ಕೆಳಗೆ ತುಂಬಿಟ್ಟಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಇಪ್ಪತ್ತು ವರ್ಷದ ಸಂಸಾರ, ಇರುವುದೇ ಅವಳೊಬ್ಬಳು. ಆಗ ನನಗೆ ಹೊಳೆದದ್ದು ನನ್ನ ಕಸುಬಿನ ದಾರಿ.

"ನನ್ನ ಮಾತು ಬ್ಯಾಡ. ಕಾಟದ ಮಾತು ನಂಬ್ತೀಯಾ? ಹೋಗುವಾಗ ಒಮ್ಮೆ ತೂಗಿಸ್ತೀನಿ, ಬರುವಾಗ ಒಮ್ಮೆ. ಪಕ್ಕದಾಗೆ ಯಾರಾದ್ರೂ ಇದ್ರೆ ಚೀಟಿಯಾಗೆ ಬರಲೇಬೇಕಲ್ಲ?"

"ತಂದು ತೋರಿಸ್ರಿ" ಅಂದಳು.

ಮರುದಿನ ಬೆಳಗಿನ ಜಾವ ಗಿರಿಜಾ ಮಲಗಿದ್ದಾಗಲೇ ಎದ್ದೆ. ಹೊರಗಿನಿಂದ ಬೀಗ ಹಾಕಿಕೊಂಡು ಹೊರಟೆ.

ಕಾಟದಲ್ಲಿ ರಾತ್ರಿ ಪಾಳಿಗೆ ಇರುವವನು ಆನೆಕೊಂಡದ ಹಾಲಪ್ಪ. ನನಗಿಂತ ಹಿರಿಯ, ಕಡಿಮೆ ಮಾತಿನ ಮನುಷ್ಯ. ಅವನಿಗೆ ವಿಷಯವೇನೂ ಹೇಳಲಿಲ್ಲ, ಕಾರು ತೂಗು ಅಂದೆ ಅಷ್ಟೇ. ಕೊಠಡಿಯ ಮೇಲಿನ ಕೆಂಪು ಅಂಕಿಗಳು ಓಡಾಡಿ ನಿಂತವು. ಆರುನೂರ ಮೂವತ್ತು. ಮೊದಲ ಚೀಟಿ ಜೇಬಿಗೆ ಬಿತ್ತು.

ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ, ಇದನ್ನು ಆಣೆ ಮಾಡಿ ಹೇಳುತ್ತೇನೆ. ಹರಿಹರದ ಸೇತುವೆಯ ಹತ್ತಿರ ತಿರುಗಿಸುವಾಗಲೂ ಗಾಲಿ ಉರುಳುತ್ತಲೇ ಇತ್ತು. ಹೊಳೆಯ ಮೇಲೆ ಮಂಜು ಕವಿದಿತ್ತು. ಕಪ್ಪೆಗಳೂ ಸುಮ್ಮನಿದ್ದವು. ಇಂಜಿನ್ ಸದ್ದು ಬಿಟ್ಟರೆ ಜಗತ್ತಿನಲ್ಲಿ ಬೇರೆ ಸದ್ದೇ ಇರಲಿಲ್ಲ.

ಕಾಲುವೆ ದಾಟುವಾಗ ಕಾರು ಎಡಕ್ಕೆ ಇಳಿಯಿತು... ಯಾರೋ ಮೆಲ್ಲಗೆ ಕೂತಂತೆ. ಮತ್ತೆ ಅದೇ ಮುಲಾಮಿನ ವಾಸನೆ.

ನಾನು ಪಕ್ಕಕ್ಕೆ ನೋಡಲಿಲ್ಲ. ಯಾಕೆ ನೋಡಲಿಲ್ಲ ಅಂತ ಕೇಳಬೇಡಿ. ಕತ್ತು ತಿರುಗಲಿಲ್ಲ, ಅಷ್ಟೇ. ಕಣ್ಣಂಚಿನಲ್ಲಿ ಸೀಟಿನ ಬೆಲ್ಟು ಮಾತ್ರ ಕಾಣುತ್ತಿತ್ತು. ಖಾಲಿ ಸೀಟಿಗೆ ಅಂಟಿಕೊಂಡಿರಬೇಕಾದದ್ದು ಮುಂದಕ್ಕೆ ಉಬ್ಬಿಕೊಂಡಿತ್ತು.

ಕಾಟದ ಮೇಲೆ ಹತ್ತಿಸಿ ಇಂಜಿನ್ ಆರಿಸಿದೆ. ಮೈಕಿನಲ್ಲಿ ಹಾಲಪ್ಪನ ದನಿ ಬಂತು.

"ಸಾವ್ಕಾರ್ರೆ, ಅಮ್ಮಾರನ್ನ ಕುಂಡ್ರಿಸಿಕೊಂಡೇ ತೂಗ್ಲೋ, ಇಳೀತಾರೋ?"

ಹಾಲಪ್ಪನಿಗೆ ಅಮ್ಮಾರು ಅಂದರೆ ಒಬ್ಬಳೇ. ಗಿರಿಜಾ.

ಬಲವಂತವಾಗಿ ಕತ್ತು ತಿರುಗಿಸಿದೆ. ಸೀಟು ಖಾಲಿ ಇತ್ತು.

ತಲೆ ಎತ್ತಿದರೆ ಕೆಂಪು ಅಂಕಿ ಆರುನೂರ ತೊಂಬತ್ತು. ನನ್ನ ಉತ್ತರಕ್ಕೆ ಕಾಯದೆ ಹಾಲಪ್ಪ ಚೀಟಿ ಹೊಡೆದೇಬಿಟ್ಟ, ಪ್ರಿಂಟರಿನ ಕಿರಕಿರ ಸದ್ದು ಕೇಳಿಸಿತು. ನಾನು ಕಾರಿನಿಂದ ಹಾರಿ ಕಾಟದ ತಗಡಿನಿಂದಾಚೆ ಮಣ್ಣಿನಲ್ಲಿ ನಿಂತೆ. ಈಗ ಖಾಲಿ ಕಾರು. ಐನೂರ ಅರವತ್ತಕ್ಕೆ ಇಳಿಯಬೇಕು.

ಆರುನೂರ ಇಪ್ಪತ್ತಕ್ಕೆ ನಿಂತಿತು.

ನಾನು ನಿಂತೇ ಇದ್ದೆ. ಅಂಕಿಯೂ ನಿಂತೇ ಇತ್ತು.

ಮನೆಗೆ ಫೋನ್ ಮಾಡಿದೆ. ಗಿರಿಜಾಳದು ಕೋಳಿ ನಿದ್ದೆ, ಬೆಕ್ಕು ಓಡಾಡಿದರೂ ಏಳುವವಳು. ಅವತ್ತು ರಿಂಗಾಗಿ ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದೆ. ಮೂರನೇ ಸಲಕ್ಕೆ ಎತ್ತಿದಳು. ಓಡಿ ಬಂದವಳಂತೆ ಏದುಸಿರು.

"ಯಾಕ್ರಿ... ಈಗ ಎಚ್ಚರಾತು..."

ಆ ಮಾತು ಕಿವಿಗೆ ಬೀಳುವಾಗಲೇ ನನ್ನ ಕಣ್ಣೆದುರು ಅಂಕಿ ಇಳಿಯಿತು. ಐನೂರ ಅರವತ್ತು.

ಕಾರು ಸ್ಪ್ರಿಂಗಿನ ಮೇಲೆ ಒಮ್ಮೆ ಮೆಲ್ಲಗೆ ಎದ್ದು ಕೂತಿತು.

ಹಾಲಪ್ಪ ಹೊರಗೆ ಬಂದ. ಸೀಟು ನೋಡಿದ, ರಸ್ತೆ ನೋಡಿದ, ನನ್ನ ಮುಖ ನೋಡಿದ. "ಅಮ್ಮಾರು... ಈಗ ಇಲ್ಲೇ ಇದ್ರಲ್ರಿ?" ನಾನು ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಮೆತ್ತಗೆ ಅಂದ, "ಈಗ ಕಾರು ಖಾಲಿ ಐತೆ. ನೀವು ಹತ್ತಿ ಕೂಡ್ರಿ, ಆರ್ನೂರ ಮೂವತ್ತರದ್ದು ಇನ್ನೊಂದು ಚೀಟಿ ಹೊಡಿತೀನಿ. ಮನೇಲಿ ಅದನ್ನೇ ತೋರಿಸ್ರಿ. ಸಂಸಾರ ದೊಡ್ಡದು."

ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಯಾವ ವ್ಯಾಪಾರಿ ಎಷ್ಟು ಕೈಮುಗಿದರೂ ಎರಡನೇ ಚೀಟಿ ಕೊಟ್ಟವನಲ್ಲ ನಾನು. ಮೊದಲ ಕಳ್ಳ ಚೀಟಿಯನ್ನು ಹೆಂಡತಿಗೇ ಕೊಡಲೇ? ಬೇಡವೆಂದೆ.

ಮನೆ ಬೀಗ ತೆಗೆದರೆ ಗಿರಿಜಾ ಬಾಗಿಲ ಹಿಂದೆಯೇ ನಿಂತಿದ್ದಳು. ಹಸಿರು ಶಾಲು ಹೊದ್ದಿದ್ದಳು. ಕೂದಲು ಮುಖದ ತುಂಬಾ ಕೆದರಿತ್ತು. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಅತ್ತಿರಬೇಕೆಂದುಕೊಂಡೆ. ಎರಡೂ ಚೀಟಿ ಅವಳ ಕೈಗಿಟ್ಟೆ.

ಕಾಟದವನ ಹೆಂಡತಿ ಅವಳು, ಲೆಕ್ಕ ಹೇಳಿಕೊಡಬೇಕಿಲ್ಲ.

"ಅರವತ್ತು" ಅಂದಳು. ಆಮೇಲೆ ತುಟಿ ಕಚ್ಚಿ, "ಆಕೀನೂ ನನ್ನಷ್ಟೇ ಅದಾಳೆ."

"ಆಕಿ ನೀನೇ" ಅಂದೆ. "ಹಾಲಪ್ಪ ನಿನ್ನ ಮುಖ ನೋಡ್ಯಾನೆ."

ಅವಳು ನನ್ನನ್ನು ನಂಬಲಿಲ್ಲ. ತಾನೇ ಹಾಲಪ್ಪನಿಗೆ ಫೋನ್ ಹಚ್ಚಿದಳು. ಅವನು ಹೇಳಿದ್ದು ನನಗೂ ಕೇಳಿಸಿತು. "ನೀವೇ ಅಲ್ರಿ ಅಮ್ಮಾರೆ... ಹಸಿರು ಶಾಲು ಹೊದ್ಕೊಂಡು ಕುಂತಿದ್ರಿ. ನನ್ನ ಕಡೆ ನೋಡಿ ತಲೆನೂ ಆಡಿಸಿದ್ರಿ."

ಗಿರಿಜಾ ಫೋನ್ ಇಟ್ಟಳು. ಹೆಗಲ ಮೇಲಿನ ಶಾಲು ತೆಗೆದಳು. ಬಹಳ ಹೊತ್ತು ಅದನ್ನು ಮಡಿಸುತ್ತಲೇ ಇದ್ದಳು.

ನಂದಿಗುಡಿಗೆ ಹೋಗಲಿಲ್ಲ. ಸಂಜೆ ಬ್ಯಾಗಿನ ಸೀರೆಗಳೆಲ್ಲ ಕಪಾಟಿಗೆ ವಾಪಸ್ ಬಂದವು. ನನ್ನ ಮೇಲಿನ ಸಂಶಯ ಹೋಯಿತು ಅಂತ ಸಮಾಧಾನ ಪಡಬೇಕಿತ್ತು. ಆದರೆ ಆ ಹೊತ್ತಿಗೆ ಸಂಶಯ ನನ್ನ ತಲೆಯೊಳಗೆ ಬಂದು ಕೂತಾಗಿತ್ತು. ಅವಳು ನಿದ್ದೆ ಹೋದಾಗೆಲ್ಲ ಎದ್ದು ಕೂತು ಅವಳ ಉಸಿರು ಎಣಿಸಿದೆ. ಎರಡು ದಿನ ಕಾರು ಮುಟ್ಟಲಿಲ್ಲ.

ಮೂರನೇ ದಿನ ಬೆಳಗಿನ ಜಾವ ಕಣ್ಣು ಬಿಟ್ಟರೆ ಅವಳು ತಲೆ ಬಾಚಿ, ಸೆರಗು ಸಿಕ್ಕಿಸಿ ತಯಾರಾಗಿ ನಿಂತಿದ್ದಳು.

"ಏಳ್ರಿ. ಹರಿಹರಕ್ಕೆ ನಾನೂ ಬರ್ತೀನಿ."

ಯಾವ ಮಾತು ಕೇಳಲಿಕ್ಕೆ ವರ್ಷವಿಡೀ ಕಾದಿದ್ದೆನೋ ಅದೇ ಮಾತು. ಆದರೂ ಏಳಲು ಮನಸ್ಸಾಗಲಿಲ್ಲ. ಬಾಗಿಲಿಲ್ಲದ ಆ ಕಾರಿಗೆ ಕಾಲು ಎತ್ತಿ ಒಳಗಿಳಿಯುವುದೆಂದರೆ ಹೊಸಬರು ಒದ್ದಾಡುತ್ತಾರೆ. ಅವಳು ಒಂದೇ ಸಲಕ್ಕೆ ಕೂತಳು. ಬೆಲ್ಟನ್ನು ಕತ್ತಲಲ್ಲೇ ತಡಕದೆ ಹಾಕಿಕೊಂಡಳು. ಸೀರೆ ಉಟ್ಟು ಉಟ್ಟು ಬಂದ ಅಭ್ಯಾಸವಿರಬೇಕು, ಹೆಂಗಸರ ಕೈ ಚುರುಕು ಅಂತ ನನಗೆ ನಾನೇ ಹೇಳಿಕೊಂಡೆ.

ಊರು ದಾಟಿತು. ಕಾಲುವೆಗೆ ಮುಂಚೆ ಒಂದು ಸಣ್ಣ ಮೋರಿ ಇದೆ. ಅಲ್ಲಿ ರಸ್ತೆ ಮೇಲೆ ನಾಯಿಗಳು ಮಲಗಿರುತ್ತವೆ ಅಂತ ದಿನಾ ಹೋಗುವಾಗ ಬರುವಾಗ ಒಂದು ಸಣ್ಣ ಹಾರ್ನ್ ಹೊಡೆಯುತ್ತೇನೆ. ಇದನ್ನೆಲ್ಲ ಯಾರ ಹತ್ತಿರವಾದರೂ ಹೇಳುತ್ತೇವೆಯೇ? ಗಾಬರಿಯಲ್ಲಿ ಅವತ್ತು ಮರೆತೆ.

"ಯಾಕ್ರಿ?" ಅಂದಳು ಗಿರಿಜಾ, ಮುಂದೆ ನೋಡುತ್ತಲೇ. "ದಿನಾ ಇಲ್ಲಿ ಹಾರ್ನ್ ಹೊಡಿತಿದ್ರಿ..."

ನಾನು ತಿರುಗಿ ನೋಡಲಿಲ್ಲ. "ಮರ್ತೆ" ಅಂದೆ.

ಈಗ ದಿನಾ ಬರುತ್ತಾಳೆ. ಖುಷಿಯಾಗಿದ್ದಾಳೆ, ಹಾಡು ಗುನುಗುತ್ತಾಳೆ, ಬಸಣ್ಣನ ಬಸ್ಸು ಎದುರಾದರೆ ಕೈ ಬೀಸುತ್ತಾಳೆ. ಅವಳನ್ನು ನಾನು ಏನೂ ಕೇಳಿಲ್ಲ. ಕಾಟದ ಮುಂದೆ ಹೋಗುವಾಗ ಹಾಲಪ್ಪ ಕಿಟಕಿಯಿಂದ ನೋಡುತ್ತಾನೆ, ನಾನು ವೇಗ ಇಳಿಸುವುದಿಲ್ಲ. ಅವಳನ್ನು ಕೂರಿಸಿಕೊಂಡು ತೂಗಿದರೆ ಆರುನೂರ ತೊಂಬತ್ತು ಬರಬೇಕು, ಬಂದೇ ಬರುತ್ತದೆ ಅಂತ ಹೇಳಿಕೊಳ್ಳುತ್ತೇನೆ. ಆದರೆ ತೂಗುವ ಧೈರ್ಯ ನನಗಿಲ್ಲ. ಯಾಕೆಂದರೆ ಅವಳು ಪಕ್ಕದಲ್ಲಿ ಕೂತಿದ್ದರೂ ಕಾರು, ನಾನೊಬ್ಬನೇ ಇದ್ದಾಗ ಓಡುತ್ತಿದ್ದಷ್ಟೇ ಹಗುರವಾಗಿ ಓಡುತ್ತಿದೆ.