ತಂಬಿಗೆಗೆ ಕಟ್ಟಿದ ದಾರ

ದೆವ್ವ, ಗಾಳಿ, ಸೋಂಕು ಎಂದವರನ್ನು ಗೇಲಿ ಮಾಡುವುದರಲ್ಲಿ ಮಾನ್ವಿಯಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದು, ಇಲ್ಲಿನ ಒಂದು ಅಕ್ಕಿ ಮಿಲ್ಲಿನಲ್ಲಿ ಗೇಟಿನ ಉಸ್ತುವಾರಿ ನೋಡಿಕೊಂಡಿರುವವನು ನಾನು. ಹಳೆಯ ಬಾಯ್ಲರಿನ ಹಿಂದೆ ಯಾರೋ ಕೆಮ್ಮಿದ ಸಪ್ಪಳ ಆಯಿತೆಂದು ಹಮಾಲರ ಮೇಸ್ತ್ರಿ ಹುಸೇನಪ್ಪ ಒಮ್ಮೆ ಬೆವರು ಒರೆಸಿಕೊಳ್ಳುತ್ತ ಬಂದಾಗ, "ಮತ್ತ ಕೆಮ್ಮಿದ್ರ ಒಂದ್ ಗುಳಿಗಿ ಕೊಟ್ ಬಾರಲೇ" ಎಂದು ಕಳಿಸಿದ್ದೆ. ಅವನು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಇದು ನಡೆದು ಕೆಲವು ವರ್ಷಗಳಾದವು. ನಡೆದದ್ದು ಮಟಮಟ ಮಧ್ಯಾಹ್ನ. ಅವತ್ತು ಅಮಾವಾಸ್ಯೆ. ಹಾಗೆಂದ ಕೂಡಲೇ ನಿಮ್ಮಲ್ಲಿ ಕೆಲವರು ಕಿವಿ ನಿಮಿರಿಸುತ್ತೀರಿ ಎಂದು ಗೊತ್ತು. ಅಮಾವಾಸ್ಯೆಯ ದಿನ ನಮ್ಮಲ್ಲಿ ಹಮಾಲರು ಚೀಲ ಮುಟ್ಟುವುದಿಲ್ಲ, ಮಿಲ್ಲಿಗೆ ರಜೆ, ಅಷ್ಟೇ. ಮಿಲ್ಲು ಖಾಲಿಯಿರುತ್ತದೆ ಎಂದೇ ನಾನು ಅನ್ನಪೂರ್ಣಳಿಗೆ ಅವತ್ತು ಬರಲು ಹೇಳಿದ್ದೆ.

ಅನ್ನಪೂರ್ಣ ಸರಕಾರಿ ಬಸ್ಸಿನ ಕಂಡಕ್ಟರ್. ಸೈನ್ಯದಲ್ಲಿ ನನ್ನ ಜೊತೆ ಒಂದೇ ಕಂಪನಿಯಲ್ಲಿದ್ದು ಯುದ್ಧದಲ್ಲಿ ತೀರಿಕೊಂಡ ಅಮರೇಶನ ಒಬ್ಬಳೇ ಮಗಳು. ಅವನು ಸತ್ತಾಗ ಅವಳಿನ್ನೂ ತೊಟ್ಟಿಲಲ್ಲಿದ್ದಳು. ಅಮರೇಶನದು ದೇವದುರ್ಗದ ಹತ್ತಿರದ ಹಳ್ಳಿ, ನನ್ನದು ಬಾಗಲವಾಡ. ಸೈನ್ಯದಲ್ಲಿ ಒಂದು ಜಿಲ್ಲೆಯವರೆಂದರೆ ಒಂದೇ ಮನೆಯವರಿದ್ದ ಹಾಗೆ. ಆದರೂ ಅವನು ಹೋದಮೇಲೆ ನಾನು ಅವನ ಮನೆಗೆ ಹೋದದ್ದು ಒಂದೇ ಸಲ, ಅದೂ ನಿಂತ ಕಾಲಲ್ಲಿ. ಊರಿಗೆ ಬಂದವಳು ನೀರಿಗೆ ಬರಲೇಬೇಕಲ್ಲ. ರಾಯಚೂರು ಡಿಪೋದಿಂದ ಅನ್ನಪೂರ್ಣಳಿಗೆ ಮಾನ್ವಿಯ ಕಡೆ ಡ್ಯೂಟಿ ಬಿದ್ದ ತಿಂಗಳೊಳಗೆ ನನ್ನನ್ನು ಹುಡುಕಿಕೊಂಡು ಮಿಲ್ಲಿನ ಗೇಟಿಗೆ ಬಂದಳು.

"ಕಾಕಾ, ನಮ್ಮೂರ ಸಾಲಿ ಮುಂದ ಮಿಲಿಟ್ರಿಯೊಳಗ ಸತ್ತೋರ ಹೆಸರಿನ ಕಲ್ಲು ನಿಲ್ಲಸಾಕತ್ತ್ಯಾರ್ರಿ. ನಮ್ಮಪ್ಪನ ಹೆಸರು ಬ್ಯಾಡ ಅಂತಾರ. ಅವ ಹುಕುಂ ಮೀರಿ ಆರು ಮಂದೀನ ಕೊಲ್ಲಿಸ್ಯಾನ, ಅಂಥೋನ ಹೆಸರು ಹುಡುಗ್ರು ಯಾಕ ಓದಬೇಕು ಅಂತಾರ. ಅಲ್ಲಿದ್ದೋರು ನೀವು. ಖರೇ ಏನದ ಹೇಳ್ರಿ. ಅವ ಮೀರಿದ್ದು ಖರೇ ಇದ್ರ ನಾನೂ ಬಾಯಿ ಮುಚ್ಚತೀನಿ" ಎಂದಳು.

ನಾನು ಖರೇ ಹೇಳಿದೆ. ಅಂದರೆ ಆಗ ನನಗೆ ಖರೇ ಎಂದು ಗೊತ್ತಿದ್ದುದನ್ನು ಹೇಳಿದೆ. ಹುಕುಂ ಹೋಗಿತ್ತು, ನಿಮ್ಮಪ್ಪ ಅದನ್ನು ಕೇಳಿ ಜವಾಬೂ ಕೊಟ್ಟಿದ್ದ, ಆದರೆ ಹಿಂದೆ ಸರಿಯಲಿಲ್ಲ ಎಂದೆ. ಅವಳು ಅಳಲಿಲ್ಲ. ಅಲ್ಲಿ ಯಾರು ಎಲ್ಲಿದ್ದರು, ಯಾರು ಯಾರಿಗೆ ಏನು ಹೇಳಿದರು, ನನಗೆ ತಿಳಿಯುವ ಹಾಗೆ ತೋರಿಸಿ ಎಂದು ಪಟ್ಟು ಹಿಡಿದಳು. ಬಾಯಿಮಾತಿನಲ್ಲಿ ಅದು ಆಗದ ಕೆಲಸ. ಸೈನ್ಯದಲ್ಲಿ ದಾಳಿಗೆ ಮೊದಲು ನೆಲದ ಮೇಲೆ ಮರಳಿನಿಂದ ಊರಿನ ನಕ್ಷೆ ಮಾಡಿ, ಕಲ್ಲು ಕಡ್ಡಿ ಇಟ್ಟು, ಎಲ್ಲರನ್ನೂ ಸುತ್ತ ಕೂರಿಸಿ ತಿಳಿಸುತ್ತಾರೆ. ಹಾಗೆ ಮಾಡಿ ತೋರಿಸುತ್ತೇನೆ, ಅಮಾವಾಸ್ಯೆಯ ದಿನ ಬಾ ಎಂದೆ.

ಖಾಲಿ ಗೋದಾಮೊಂದರ ನಡುವೆ ಬಾಯ್ಲರಿನ ಹೊಟ್ಟಿನ ಬೂದಿಯನ್ನು ಹತ್ತು ಹೆಜ್ಜೆ ಅಗಲಕ್ಕೆ ಹರಡಿ, ಹಲಗೆಯಿಂದ ನುಣ್ಣಗೆ ಎಳೆದೆ. ಕಪ್ಪು ಬೂದಿಯ ಮೇಲೆ ಹಳದಿ ಹೊಟ್ಟು ಸುರಿದು ಓಣಿಗಳನ್ನು ಮಾಡಿದೆ. ಮನೆಗಳಿಗೆ ಇಟ್ಟಿಗೆ ಚೂರು. ನಾವು ಯುದ್ಧಕ್ಕೆ ಹೋಗಿದ್ದ ಸಮುದ್ರದಾಚೆಯ ಆ ಊರು ನಮ್ಮ ರಾಯಚೂರಿನ ಕೋಟೆಯೊಳಗಿನ ಓಣಿಗಳಿಗಿಂತ ಇಕ್ಕಟ್ಟು. ಗೋಡೆಗೆ ಗೋಡೆ ಹತ್ತಿದ ಮನೆಗಳು, ಒಂದೊಂದು ಕಿಟಕಿಯಲ್ಲೂ ಒಂದೊಂದು ಬಂದೂಕು. ಬಯಲಲ್ಲಿ ಸಾವಿರ ಜನಕ್ಕೆ ಒಬ್ಬ ಸಾಹೇಬ ಕೈಯೆತ್ತಿ ದಾರಿ ತೋರಿಸಬಹುದು. ಊರೊಳಗಿನ ಯುದ್ಧದಲ್ಲಿ ಪಕ್ಕದ ಮನೆಯಲ್ಲಿರುವ ನಮ್ಮವನೇ ನಮಗೆ ಕಾಣುವುದಿಲ್ಲ. ಅಲ್ಲಿ ಸೈನ್ಯವನ್ನು ಹಿಡಿದಿಡುವುದು ವೈರ್‌ಲೆಸ್ಸಿನ ಮಾತು ಒಂದೇ. ಆ ಮಾತು ನನ್ನ ಕೆಲಸವಾಗಿತ್ತು.

ಅನ್ನಪೂರ್ಣಳಿಗೆ ಮಿಲ್ಲಿನ ಲೆಕ್ಕದಲ್ಲೇ ತಿಳಿಸಿದೆ. "ಮಾಲಕ ಮುನೀಮಗ ಹೇಳ್ತಾನ, ಮುನೀಮ ಮೇಸ್ತ್ರಿಗ, ಮೇಸ್ತ್ರಿ ಹಮಾಲಗ. ಅಲ್ಲೂ ಹಂಗ ಅವ್ವಾ. ಬೆಟಾಲಿಯನ್ನು ಕಂಪನಿಗೆ, ಕಂಪನಿ ಪ್ಲಟೂನಿಗೆ, ಪ್ಲಟೂನು ಸೆಕ್ಷನ್ನಿಗೆ." ಬೂದಿಯ ನಟ್ಟನಡುವೆ ಒಂದು ಹಿತ್ತಾಳೆ ತಂಬಿಗೆ ಇಟ್ಟೆ. ಅದು ನಮ್ಮ ಕಂಪನಿಯ ಠಾಣೆ. ಮೇಜರ್ ಸಾಹೇಬರು, ಅವರ ಪಕ್ಕದಲ್ಲಿ ವೈರ್‌ಲೆಸ್ ಸೆಟ್ಟು ಹಿಡಿದ ನಾನು. ಮೂರು ದಪ್ಪ ಬೋಲ್ಟುಗಳು ಮೂರು ಪ್ಲಟೂನು. ಅಮರೇಶನ ಸೆಕ್ಷನ್ನಿಗೆ ಒಂದು ಕಡ್ಡಿಪೆಟ್ಟಿಗೆ. ಅವತ್ತು ಅವನನ್ನೂ ಅವನ ಆರು ಜನರನ್ನೂ ಪ್ಲಟೂನಿನಿಂದ ಬೇರೆ ಮಾಡಿ, ಮುಂದಿನ ಮೂಲೆಯ ಮಾಳಿಗೆ ಮನೆಗೆ ಕಳಿಸಿದ್ದರು. ಹಾಗಾಗಿ ಅವನು ನೇರವಾಗಿ ಕಂಪನಿಯ ಕೈಕೆಳಗೆ, ಅಂದರೆ ನನ್ನ ಸೆಟ್ಟಿಗೆ, ಬಂದಿದ್ದ.

ಯಾರು ಯಾರ ಹುಕುಮಿನಲ್ಲಿದ್ದರು ಎಂದು ತೋರಿಸಲು ಚೀಲ ಹೊಲಿಯುವ ದಾರ ತಂದೆ. ತಂಬಿಗೆಯ ಕೊರಳಿನಿಂದ ಮೂರು ಬೋಲ್ಟುಗಳಿಗೆ ಮೂರು, ಕಡ್ಡಿಪೆಟ್ಟಿಗೆಗೆ ಒಂದು, ಬೆಟಾಲಿಯನ್ನೆಂದು ಬಾಗಿಲ ಬಳಿ ಇಟ್ಟ ಇಟ್ಟಿಗೆಗೆ ಒಂದು. ಒಟ್ಟು ಐದು. ಹಾಕಿದ್ದು ಸೈನ್ಯದಲ್ಲಿ ಕಲಿತ ಗಂಟು. ಎಳೆದಷ್ಟೂ ಬಿಗಿಯಾಗುತ್ತದೆ, ಬೆರಳು ಹಾಕಿ ಹಿಂದಕ್ಕೆ ದೂಡಿದರೆ ಮಾತ್ರ ಬಿಚ್ಚುತ್ತದೆ. ಎಲ್ಲ ಕಟ್ಟಿ, ನನ್ನ ಹೆಜ್ಜೆಯ ಗುರುತನ್ನು ಹಲಗೆಯಿಂದ ಅಳಿಸುತ್ತ ಹಿಂದೆ ಹಿಂದೆ ಸರಿದು ಹೊರಗೆ ಬಂದೆ. ಅಷ್ಟೊತ್ತಿಗೆ ಮಧ್ಯಾಹ್ನ ಒಂದೂವರೆ. ಉಂಡು ಬಂದು ಹೇಳುತ್ತೇನೆಂದು ಶಟರ್ ಎಳೆದು ಬೀಗ ಹಾಕಿದೆ. ಕೀಲಿ ನನ್ನ ಜೇಬಿನಲ್ಲಿ. ಇನ್ನೊಂದು ಕೀಲಿ ಮಾಲಕರ ಹತ್ತಿರ, ಅವರು ಅವತ್ತು ರಾಯಚೂರಿನಲ್ಲಿದ್ದರು.

ಮನೆಯಲ್ಲಿ ನನ್ನ ಹೆಂಡತಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದಾಗ ಅನ್ನಪೂರ್ಣ ಒಂದೇ ಮಾತು ಕೇಳಿದಳು. "ಕಾಕಾ, ಅಪ್ಪ ಜವಾಬ್ ಕೊಟ್ಟ ಅಂದ್ರೆಲ್ಲ. ಏನಂದ? ಅವನ ದನಿ ಹೆಂಗಿತ್ತು? ನಾ ಒಂದ್ ಸಲಾನೂ ಕೇಳಿಲ್ಲ." ಅಲ್ಲೇ ತೋರಿಸಿ ಹೇಳುತ್ತೇನೆ ಎಂದೆ. ಅಮರೇಶನ ಜವಾಬು ನನಗೆ ಮರೆಯುವಂಥದ್ದಲ್ಲ. ಹಿಂದಿಯಲ್ಲಿ "ಸಮಝ್ ಗಯಾ" ಎಂದು ಕಾಯಿದೆ ಪ್ರಕಾರ ಹೇಳಿ, ಹಿಂದೆಯೇ ನನಗೆ ನಗು ಬರಲಿ ಎಂದು "ತಿಳೀತಪೋ" ಎಂದು ಸೇರಿಸುತ್ತಿದ್ದ.

ಮುಕ್ಕಾಲು ತಾಸಿನಲ್ಲಿ ಹಿಂತಿರುಗಿ ಶಟರ್ ಎತ್ತಿದೆ. ಬೆಳಕು ಒಳಗೆ ಬಿದ್ದಿತು. ಮೊದಲು ನೋಡಿದವಳು ಅವಳೇ.

"ಕಾಕಾ, ಇದೊಂದು ಬಿಚ್ಚ್ಯಾದ ನೋಡ್ರಿ."

ಕಡ್ಡಿಪೆಟ್ಟಿಗೆಗೆ ಹೋಗಿದ್ದ ದಾರ. ಅಮರೇಶನ ಕಡೆ ಗಂಟು ಕಟ್ಟಿದ ಹಾಗೆಯೇ ಇತ್ತು. ತಂಬಿಗೆಯ ಕಡೆ, ನನ್ನ ಕಡೆ, ಗಂಟು ಇರಲಿಲ್ಲ. ದಾರದ ತುದಿ ತಂಬಿಗೆಯಿಂದ ಒಂದು ಗೇಣು ದೂರದಲ್ಲಿ ಬೂದಿಯ ಮೇಲೆ ಬಿದ್ದಿತ್ತು. ಹರಿದಿರಲಿಲ್ಲ, ಕಡಿದಿರಲಿಲ್ಲ. ಅದೇ ಕೊರಳಿಗೆ ಕಟ್ಟಿದ ಉಳಿದ ನಾಲ್ಕು ಗಂಟುಗಳು ಬಿಗಿಯಾಗಿದ್ದವು. ಸುತ್ತಲಿನ ಬೂದಿಯಲ್ಲಿ ಕಾಲಿನ ಗುರುತಿಲ್ಲ, ಇಲಿಯದಿಲ್ಲ, ಹಕ್ಕಿಯದಿಲ್ಲ. ನಾನು ಹಲಗೆ ಎಳೆದ ಗೆರೆಗಳು ಎಳೆದ ಹಾಗೆಯೇ ಇದ್ದವು.

 ಸಡಿಲ ಬಿದ್ದಿರಬೇಕು ಎಂದು ಕಥೆ ಶುರು ಮಾಡಿದೆ. ಮೂಲೆಯ ಮನೆ ಬಿಡಬೇಡ, ಹಿಂದಿನಿಂದ ಒಂದನೇ ಪ್ಲಟೂನು ಬಂದು ಸೇರುತ್ತದೆ ಎಂಬುದು ಮೇಜರ್ ಸಾಹೇಬರು ಅಮರೇಶನಿಗೆ ಕೊಟ್ಟಿದ್ದ ಹುಕುಂ. ಅರ್ಧ ತಾಸಿನಲ್ಲಿ ಸಾಹೇಬರ ಕುತ್ತಿಗೆಗೆ ಗುಂಡು ತಾಗಿತು. ಸೈನ್ಯದಲ್ಲಿ ಹಿರಿಯ ಬಿದ್ದರೆ ಮುಂದಿನವನು ಆ ಕ್ಷಣವೇ ಅಧಿಕಾರ ವಹಿಸಿಕೊಳ್ಳಬೇಕು. ಎದುರು ಮನೆಯಲ್ಲಿದ್ದ ಕ್ಯಾಪ್ಟನ್ ವಹಿಸಿಕೊಂಡರು. ಒಂದನೇ ಪ್ಲಟೂನು ಬರಲಾರದೆಂದು ಅವರಿಗೆ ತಿಳಿದಿತ್ತು. ಅಮರೇಶನಿಗೆ ಹಿಂದೆ ಸರಿಯಲು ಹೇಳು ಎಂದು ನನಗೆ ಹುಕುಂ ಕಳಿಸಿದರು. ವೈರ್‌ಲೆಸ್ಸಿನ ಮಾತುಗಳನ್ನೆಲ್ಲ ದಾಖಲಿಸುವ ಪುಸ್ತಕದಲ್ಲಿ ಬರೆದುಕೊಂಡೆ. ವೇಳೆ, ಯಾರಿಗೆ, ಏನು, ಜವಾಬು.

"ಆಮ್ಯಾಲ ಅಪ್ಪ ಏನಂದ ಕಾಕಾ?"

ಹೇಳಲು ಬಾಯಿ ತೆರೆದೆ. ಮೂವತ್ತು ವರ್ಷಕ್ಕೂ ಮೇಲೆ ನನ್ನ ಕಿವಿಯಲ್ಲಿದೆ ಎಂದುಕೊಂಡಿದ್ದ ಆ "ತಿಳೀತಪೋ" ಎಲ್ಲೆಲ್ಲಿ ಹುಡುಕಿದರೂ ಅವತ್ತಿನದಲ್ಲ. ಹಿಂದಿನ ದಿನದ್ದಿತ್ತು, ಬೆಳಗಿನದಿತ್ತು. ಆ ಹುಕುಮಿನದು ಇರಲಿಲ್ಲ. ನೆನಪಿಗೆ ಬಂದದ್ದು ಒಂದೇ. ಪೆನ್ಸಿಲ್ ಹಿಡಿದ ನನ್ನ ಕೈ, ಜವಾಬಿನ ಅಂಕಣದಲ್ಲಿ "ಸಮಝ್ ಗಯಾ" ಎಂದು ಬರೆಯುತ್ತಿರುವುದು. ಬರೆದು ಮುಗಿಯುವಷ್ಟರಲ್ಲಿ ಮೇಲಿನ ಮಾಳಿಗೆಗೆ ಶೆಲ್ಲು ಬಿದ್ದು ಗಚ್ಚು ಉದುರಿ, ಕಿವಿ ಗುಂಯ್ ಎಂದು, ನಾನು ಸೆಟ್ಟಿನ ಮೇಲೆ ಮುಗ್ಗರಿಸಿದ್ದು.

ಇದು ನಮ್ಮ ಕೆಲಸದವರಿಗೆ ಮಾತ್ರ ಅಂಟುವ ಚಟ. ಗಡಿಬಿಡಿಯಲ್ಲಿ ಮೊದಲು ಬರೆದುಬಿಡುತ್ತೇವೆ, ಆಮೇಲೆ ಮಾತಾಡುತ್ತೇವೆ. ಅಮರೇಶ ಕರೆದ ತಕ್ಷಣ ಜವಾಬು ಕೊಡುವವನು, ಅದಕ್ಕೇ ಅವನ ಜವಾಬನ್ನೂ ನಾನೇ ಮುಂಚಿತವಾಗಿ ಬರೆಯುತ್ತಿದ್ದೆ. ಆ ದಿನ ಬರೆದೆ, ಮಾತಾಡಲಿಲ್ಲ; ಶೆಲ್ಲು ಬಿದ್ದು ಎದ್ದ ಮೇಲೆ ಪುಸ್ತಕ ನೋಡಿ, ಹೇಳಿದ್ದಾಗಿದೆ ಎಂದುಕೊಂಡೆ. ಅವನಿಗೆ ಯಾರೂ ಹಿಂದೆ ಬಾ ಎನ್ನಲಿಲ್ಲ. ಆ ಮನೆಯಲ್ಲಿದ್ದ ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಮೇಲೆ ವಿಚಾರಣೆಯಲ್ಲಿ, ಜವಾಬು ಬಂದಿತ್ತೇ ಎಂದು ಕೇಳಿದರು. "ಬರೆದಿದ್ದೇನಲ್ಲ ಸಾಹೇಬ್" ಎಂದೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ನನ್ನ ಕೈಬರಹವನ್ನು ನಾನೇ ನಂಬಿಬಿಟ್ಟಿದ್ದೆ.

ಬೂದಿಯ ಅಂಚಿನಲ್ಲಿ ಕುಸಿದು ಕುಳಿತು ಇಷ್ಟನ್ನೂ ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಇದನ್ನ ನಮ್ಮವ್ವನ ಮುಂದ ಬಂದು ಹೇಳ್ರಿ. ನಾ ಹೇಳಂಗಿಲ್ಲ" ಎಂದು ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಮಾಡಬಹುದಾದ ಪರೀಕ್ಷೆಯನ್ನೆಲ್ಲ ಮಾಡಿದೆ. ಮುಂದಿನ ಎರಡು ಅಮಾವಾಸ್ಯೆಗಳಂದು ಅದೇ ಗೋದಾಮಿನಲ್ಲಿ ಬೂದಿ ಹರಡಿ, ಅದೇ ದಾರ, ಅದೇ ಗಂಟು ಕಟ್ಟಿ ಬೀಗ ಹಾಕಿದೆ. ಬೇಕೆಂದೇ ಸಡಿಲವಾಗಿ ಕಟ್ಟಿಯೂ ನೋಡಿದೆ. ಒಂದೂ ಬಿಚ್ಚಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಒಳಗೊಳಗೇ ತಪ್ಪು ಗೊತ್ತಿದ್ದ ನನ್ನ ಕೈಯೇ ಆ ಒಂದು ಗಂಟನ್ನು ಕಟ್ಟಿರಲಿಲ್ಲವೇ ಎಂದೂ ಯೋಚಿಸಿದ್ದೇನೆ. ಆದರೆ ಐದೂ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿಯೇ ನಾನು ಹೊರಗೆ ಬಂದಿದ್ದೆ, ಅನ್ನಪೂರ್ಣ ಅದನ್ನು ನೋಡಿದ್ದಳು. ಹುಸೇನಪ್ಪನಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ. ಹೇಳಿದರೆ ನನಗೊಂದು ಗುಳಿಗೆ ತಂದು ಕೊಟ್ಟಾನು.

ಆ ಮೊದಲ ಅಮಾವಾಸ್ಯೆಯಾದ ಮೇಲೆ ಅಮರೇಶನ ಊರಿಗೆ ಹೋಗಲು ನನಗೆ ಎಂಟು ದಿನ ಬೇಕಾಯಿತು. ಮೊದಲು ಊರ ಹಿರಿಯರನ್ನು ಶಾಲೆಯಲ್ಲಿ ಕೂರಿಸಿ, ಅಮರೇಶ ಹುಕುಂ ಮೀರಿಲ್ಲ, ಹುಕುಂ ಅವನಿಗೆ ತಲುಪಿಯೇ ಇರಲಿಲ್ಲ, ತಪ್ಪು ನನ್ನದು ಎಂದು ಬರೆದುಕೊಂಡು ಹೋದದ್ದನ್ನು ಓದಿ ಸಹಿ ಹಾಕಿ ಕೊಟ್ಟೆ. ಕಲ್ಲಿನ ಮೇಲೆ ಈಗ ಅವನ ಹೆಸರಿದೆ. ಸೈನ್ಯದ ಮೇಲಿನವರಿಗೂ ಪತ್ರ ಬರೆದೆ, ಅದಕ್ಕಿನ್ನೂ ಉತ್ತರವಿಲ್ಲ.

ಆಮೇಲೆ ಅವನ ಹೆಂಡತಿ ಬಸಮ್ಮನ ಮನೆಗೆ ಹೋದೆ. ಹತ್ತಿ ಬಿಡಿಸಿ ಬಿಡಿಸಿ ಬೆರಳು ಒಡೆದ ಹೆಂಗಸು. ಮಗಳು ಬಾಗಿಲಲ್ಲಿ ನಿಂತಿದ್ದಳು. ನಾನು ತಲೆ ತಗ್ಗಿಸಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮುಗಿದ ಮೇಲೆ ಬಸಮ್ಮ ಹೇಳಿದಳು.

"ಕರದ್ರ ಓ ಅನ್ನಲಾರದ ಮನಷ್ಯಾ ಅಲ್ಲಪ ಅವ. ಉಣ್ಣಾಕ ಕುಂತಿದ್ರೂ ಮದ್ಲ ಓ ಅಂತಿದ್ದ. ಅವನ್ನ ಯಾರೂ ಕರದಿಲ್ಲ ಅಂತ ನನಗ ಅವತ್ತೇ ಗೊತ್ತಾಗಿತ್ತು. ಕರೀಬೇಕಾದೋರು ಯಾರು ಅಂತ ಗೊತ್ತಿರಲಿಲ್ಲ, ಅಷ್ಟ."

ಕ್ಷಮಿಸು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕ್ಷಮಿಸಿದೆ ಎಂದು ಅವಳೂ ಹೇಳಲಿಲ್ಲ. ನಾನು ಏಳುವ ಹೊತ್ತಿಗೆ ಒಂದು ಮಾತು ಕೇಳಿದಳು.

"ಆ ದಾರ ಬಿಚ್ಚಿದ್ದು ಯಾರಂತಿ?"

"ಗೊತ್ತಿಲ್ಲ ಯವ್ವಾ. ಎಷ್ಟು ಯೋಚನಿ ಮಾಡಿದ್ರೂ ಗೊತ್ತಾಗವಲ್ದು" ಎಂದೆ.

ಅವಳು ನನ್ನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು.

"ಅವತ್ತೂ ಹಿಂಗ, ಆ ಪುಸ್ತಕದಾಗ ಗೊತ್ತಿಲ್ಲ ಅಂತ ಬರೆದಿದ್ರ ಸಾಕಿತ್ತಲ್ಲಪ" ಎಂದಳು.