ಮರದ ಮೇಲಿದ್ದವರನ್ನು ಕರೆಯಬಾರದು

ಕಳೆದ ವರ್ಷ ಜನವರಿಯ ಮಾತು. ನಮ್ಮವರ ಎದೆಗೆ ಸ್ಟೆಂಟ್ ಹಾಕಿ ಆರು ತಿಂಗಳು ಕಳೆದಿತ್ತು. ಮೂವತ್ತು ವರ್ಷ ಕುಂದಾಪುರ–ಶಂಕರನಾರಾಯಣ ರೂಟಿನಲ್ಲಿ ಖಾಸಗಿ ಬಸ್ಸು ಓಡಿಸಿದ ಮನುಷ್ಯ. ಡಾಕ್ಟರು, "ವಾಕಿಂಗ್ ಮಾಡಿ, ಹಗುರ ಕೆಲಸ ಮಾಡಿ, ಆದರೆ ಬಸ್ಸು ಮಾತ್ರ ಇನ್ನು ಬೇಡ" ಎಂದುಬಿಟ್ಟರು. ಅಂದಿನಿಂದ ಸಾಲಿಗ್ರಾಮದ ನಮ್ಮ ಮನೆಯ ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಹೈವೇಯಲ್ಲಿ ಹೋಗುವ ಬಸ್ಸಿನ ಹಾರ್ನ್ ಕೇಳಿಯೇ ಇದು ಯಾವ ಬಸ್ಸು, ಸ್ಟಿಯರಿಂಗಿನಲ್ಲಿ ಯಾರಿದ್ದಾರೆ, ಇವತ್ತು ಎಷ್ಟು ಲೇಟು ಎಂದು ಹೇಳುತ್ತಿದ್ದರು. ಹೇಳಿ ಮುಂದಿನ ಹಾರ್ನಿಗೆ ಕಾಯುತ್ತಿದ್ದರು.

ನಾನೋ, ಅವರ ಬೆನ್ನು ಬಿಡುತ್ತಿರಲಿಲ್ಲ. "ಹ್ವಾಯ್, ಮಾತ್ರೆ." "ಹ್ವಾಯ್, ಮೆಟ್ಲ್ ಕಾಣಿ." "ಹ್ವಾಯ್, ಆ ಬಕೆಟ್ ಎತ್ಬೇಡಿ." ಬೆಳಗಿನಿಂದ ರಾತ್ರಿಯವರೆಗೆ ಇದೇ ಮಂತ್ರ. ಒಂದು ದಿನ ಅವರು, "ಮೂವತ್ತ್ ವರ್ಷ ಬಸ್ ಬಿಟ್ಟೆ, ಯಾವ ಕಂಡಕ್ಟರೂ ನಂಗೆ ಇಷ್ಟ್ ಸೀಟಿ ಊದ್ಲಿಲ್ಲೆ ಮಾರಾಯ್ತಿ" ಎಂದರು. ಇಬ್ಬರೂ ನಕ್ಕೆವು. ಆದರೆ ಸೀಟಿ ಊದುವುದನ್ನು ನಾನು ಬಿಡಲಿಲ್ಲ. ಆ ಬೆಳಿಗ್ಗೆ ಬಚ್ಚಲಿನಲ್ಲಿ ಎದೆ ಹಿಡಿದುಕೊಂಡು ಅವರು ಕುಸಿದು ಕೂತದ್ದನ್ನು ಕಂಡವಳು ನಾನು. ಒಮ್ಮೆ ಅದನ್ನು ಕಂಡ ಮೇಲೆ ಕಣ್ಣು ತಪ್ಪಿಸಲು ಧೈರ್ಯ ಬರುವುದಿಲ್ಲ.

ನಮ್ಮ ಮದುವೆಯ ದಿನ ಹತ್ತಿರ ಬಂದಾಗ ಕುಂದಾಪುರದಲ್ಲಿರುವ ಮಗಳು ಅಶ್ವಿನಿ ಒಂದು ಉಡುಗೊರೆ ಕೊಟ್ಟಳು. ಸೀರೆಯಲ್ಲ, ಪಂಚೆಯಲ್ಲ, ಎಲೆಕ್ಟ್ರಿಕ್ ಸೈಕಲ್ ಸವಾರಿ! ತಲ್ಲೂರಿನಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಾರಂತೆ. ಜೊತೆಗೆ ಗೈಡ್ ಯಾರೂ ಬರುವುದಿಲ್ಲ, ಮೊಬೈಲಿನ ಮ್ಯಾಪ್ ನೋಡಿಕೊಂಡು ನಾವೇ ಸುತ್ತಬೇಕಂತೆ. ಹೊರದೇಶಗಳಲ್ಲಿ ದ್ರಾಕ್ಷಿ ತೋಟಗಳ ನಡುವೆ ಹೀಗೆ ಸೈಕಲ್ ಮೇಲೆ ತಿರುಗುತ್ತಾ ಅಲ್ಲಲ್ಲಿ ವೈನ್ ರುಚಿ ನೋಡುತ್ತಾರಂತೆ. ನಮ್ಮಲ್ಲಿ ದ್ರಾಕ್ಷಿ ಎಲ್ಲಿಂದ ಬರಬೇಕು? ತೆಂಗಿನ ಮರ ಇದೆ, ಕಳ್ಳು ಇದೆ. ಹಾಗಾಗಿ ಹೊಳೆ ಬದಿಯ ತೆಂಗಿನ ತೋಟಗಳು, ಕಳ್ಳು ಇಳಿಸುವವರ ಮನೆ, ಕಳ್ಳು ಹಾಕಿ ಉಬ್ಬಿಸಿದ ಹಿಟ್ಟಿನಲ್ಲಿ ಅಪ್ಪ ಎಂಬ ತಿಂಡಿ ಮಾಡುವ ಒಂದು ಹೋಟೆಲು, ಕೊನೆಗೆ ಮರವಂತೆಯ ಕಡಲು.

"ನಿಂಗೆ ತಲೆ ಸಮ ಇತ್ತಾ? ಹಾರ್ಟ್ ಪೇಶೆಂಟ್ ಸೈಕಲ್ ತುಳುದಾ? ಅದೂ ಕಳ್ ಕಾಂಬುಕೆ?" ಎಂದು ನಾನು ಫೋನಿನಲ್ಲೇ ಕೂಗಿದೆ.

"ಅಮ್ಮ, ಡಾಕ್ಟ್ರತ್ರ ಕೇಂಡೇ ಬುಕ್ ಮಾಡದ್ದ್. ಮೋಟರ್ ಇತ್ತ್, ಪೆಡ್ಲ್ ಹಗೂರ. ಅಪ್ಪಯ್ಯ ಒಂದ್ ದಿನ ಆ ಕುರ್ಚಿ ಬಿಟ್ಟ್ ಏಳ್ಲಿ" ಎಂದಳು.

ಕುರ್ಚಿಯ ಮಾತು ಬಂದ ಮೇಲೆ ನಾನು ಒಪ್ಪಿದೆ.

ನಾನು ಗಂಗೊಳ್ಳಿಯ ಮೀನು ವ್ಯಾಪಾರದ ಮನೆಯವಳು. ಹುಡುಗಿಯಾಗಿದ್ದಾಗ ಸೈಕಲ್ಲಿನಲ್ಲಿ ಮೀನು ಮುಟ್ಟಿಸಿದ ಅಭ್ಯಾಸವಿತ್ತು. ಆದರೂ ತಲ್ಲೂರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಸೀಟಿನ ಮೇಲೆ ಕೂತಾಗ ಎರಡು ಸಲ ಕಾಲು ನೆಲಕ್ಕೆ ಊರಿದೆ. ಬಾಡಿಗೆ ಕೊಡುವವರು ಮೊಬೈಲಿನ ಮ್ಯಾಪ್ ತೋರಿಸಿ, "ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ" ಎಂದು ವಿವರಿಸತೊಡಗಿದರು. ನಮ್ಮವರು ಕೈ ಅಡ್ಡ ಹಿಡಿದು, "ಈ ಬದಿ ದಾರಿ ನಂಗೆ ಮೊಬೈಲ್ ಹೇಳ್ಕಾ?" ಎಂದರು. ಆರು ತಿಂಗಳಲ್ಲಿ ಆ ಗತ್ತು ಕೇಳಿದ್ದು ಅದೇ ಮೊದಲು.

ಹೆಮ್ಮಾಡಿ ದಾಟಿ ನಾಡದ ಕಡೆಗಿನ ಒಳರಸ್ತೆಗೆ ಇಳಿದೆವು. ಏರು ಬಂದರೆ ಒಂದು ಗುಂಡಿ ಒತ್ತಬೇಕು, ಯಾರೋ ಹಿಂದಿನಿಂದ ಮೆಲ್ಲಗೆ ದೂಡಿದ ಹಾಗೆ ಸೈಕಲ್ ತಾನೇ ಹತ್ತುತ್ತದೆ. ನಮ್ಮವರಿಗೆ ರಸ್ತೆ ಸಿಕ್ಕಿಬಿಟ್ಟಿತು. ಪ್ರತಿ ತಿರುವಿಗೂ ಬೆಲ್ ಹೊಡೆಯುತ್ತಾ, ಬಸ್ ಸ್ಟಾಪಿನಲ್ಲಿ ನಿಂತವರಿಗೆ ಕೈ ಎತ್ತುತ್ತಾ ಮುಂದೆ ಮುಂದೆ ಹೋದರು. ನಾನು ಹಿಂದಿನಿಂದ, "ಹ್ವಾಯ್, ನಿಧಾನ!" "ಹ್ವಾಯ್, ಸಾಕಾಯ್ತಾ?" "ಹ್ವಾಯ್, ನೀರ್ ಕುಡಿತ್ರ್ಯಾ?"

ಗದ್ದೆಯ ಬದಿಯ ಒಂದು ತಿರುವಿನಲ್ಲಿ ಎದುರಿನಿಂದ ಗೂಡ್ಸ್ ರಿಕ್ಷಾ ಬಂತು. ಅದು ಅದರ ಪಾಡಿಗೆ ಬದಿಗೆ ಸರಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಹ್ವಾಯ್!" ಎಂದು ಜೀವ ಹೋದವಳಂತೆ ಕೂಗಿದೆ. ಏನಾಯಿತೋ ಎಂದು ಅವರು ಗಾಬರಿಯಿಂದ ತಿರುಗಿ ನನ್ನನ್ನು ನೋಡಿದರು. ಅಷ್ಟರಲ್ಲಿ ಮುಂದಿನ ಚಕ್ರ ಡಾಂಬರು ಬಿಟ್ಟಿತು. ಸೈಕಲ್ ಸಮೇತ ಗದ್ದೆಗೆ ಬಿದ್ದರು.

ನಾನು ಇಳಿದು ಓಡಿದೆ. ಉದ್ದಿನ ಗಿಡಗಳ ನಡುವೆ ಮಣ್ಣು ಮೆತ್ತಿಕೊಂಡು ಕೂತಿದ್ದರು. ಮೊಣಕೈ ತರಚಿತ್ತು. ನಾನು ಎದೆ ಮುಟ್ಟಿ ಮುಟ್ಟಿ ನೋಡಿದೆ. "ಎದೆಗೆ ಎಂತ ಆಯ್ಲಿಲ್ಲೆ, ಬಿಡ್" ಎಂದು ಕೈ ಸರಿಸಿದರು. ರಿಕ್ಷಾದವನು ಸೈಕಲ್ಲನ್ನು ಎತ್ತಿ ರಸ್ತೆಗೆ ತಂದು ನಿಲ್ಲಿಸಿ ಹೋದ. ಇವರು ಅದನ್ನು ಮುಟ್ಟಲೂ ಇಲ್ಲ.

"ಸಾಕ್. ವಾಪಸ್ ಹೋಪ. ಇನ್ ಇದೆಲ್ಲ ನನ್ನಿಂದ ಆತಿಲ್ಲೆ" ಎಂದರು.

ಒಂದು ಕ್ಷಣ ನನಗೆ ಸಮಾಧಾನವೇ ಆಯಿತು. ಮನೆಗೆ ಹೋದರೆ ಚಿಂತೆಯಿಲ್ಲ. ಆದರೆ ಅವರ ಮುಖ ನೋಡಿದೆ. ಬಸ್ಸಿನ ಕೀಲಿಯನ್ನು ಧಣಿಯ ಕೈಗೆ ಕೊಟ್ಟು ಮನೆಗೆ ಬಂದ ದಿನ ಇದ್ದದ್ದು ಇದೇ ಮುಖ. ಇವತ್ತು ಇವರು ವಾಪಸ್ ಹೋದರೆ ಆ ಪ್ಲಾಸ್ಟಿಕ್ ಕುರ್ಚಿಯಿಂದ ಮತ್ತೆ ಏಳುವುದಿಲ್ಲ ಎಂದು ನನ್ನ ಹೊಟ್ಟೆಯೊಳಗೆ ಯಾರೋ ಹೇಳಿದ ಹಾಗಾಯಿತು. ಹೆದರಿಕೆಯಾಯಿತು. ಅದು ನನ್ನ ಹಳೆಯ ಹೆದರಿಕೆಯಲ್ಲ, ಬೇರೆಯೇ ಒಂದು.

ಮ್ಯಾಪಿನಲ್ಲಿದ್ದ ಕಳ್ಳು ಇಳಿಸುವವರ ಮನೆ ಅಲ್ಲೇ ಮುಂದಿತ್ತು. ಗಾಯ ತೊಳೆದುಕೊಂಡಾದರೂ ಹೋಗೋಣ ಎಂದು ಸೈಕಲ್ ದೂಡಿಕೊಂಡು ಅಲ್ಲಿಗೆ ನಡೆದೆವು. ಮನೆಯ ಯಜಮಾನ ಶೀನಣ್ಣ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಮಧ್ಯಾಹ್ನದ ಸರದಿಗೆ ಮರ ಹತ್ತಲು ಹೊರಟಿದ್ದರು. ಅವರ ಹೆಂಡತಿ ಗಿರಿಜಕ್ಕ ಗಾಯ ನೋಡಿ, "ಅಯ್ಯ, ಬಾವಿಕಟ್ಟೆ ಹತ್ರ ಕೂಕಣಿ, ನೀರ್ ಕೊಡ್ತೆ" ಎಂದು ಕೊಡಪಾನ ತಂದರು. ನಮ್ಮವರು ಬಾವಿಕಟ್ಟೆಯ ಮೇಲೆ ಕೂತು ಕೈ ತೊಳೆದುಕೊಂಡರು.

ಶೀನಣ್ಣ ಸ್ವಲ್ಪ ಕುಂಟುತ್ತಿದ್ದದ್ದನ್ನು ಕಂಡು ನಾನು ಗಿರಿಜಕ್ಕನನ್ನು ಕೇಳಿದೆ. ಎರಡು ಮಳೆಗಾಲದ ಹಿಂದೆ ಪಾಚಿಗೆ ಕಾಲು ಜಾರಿ ಮರದಿಂದ ಬಿದ್ದಿದ್ದರಂತೆ. ಸೊಂಟದ ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದ್ದರಂತೆ.

"ಮತ್ತೆ ಹತ್ತೂಕೆ ಬಿಟ್ರ್ಯಾ ನೀವ್?" ಎಂದೆ.

"ಬಿಡುದ್ ಎಂತ? ನನ್ ಹತ್ರ ಕೇಂಡ್ ಹತ್ತುವ ಜನವಾ ಅದ್?" ಎಂದು ನಕ್ಕು, ಅವರು ಒಳಗೆ ಹೋಗಿ ಒರಳಿನ ಮುಂದೆ ಕೂತರು. ಮೀನು ಸಾರಿಗೆ ಮಸಾಲೆ ಕಡೆಯುವುದಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಕಪಾಟಿನ ಮೇಲೆ ಮಿಕ್ಸಿ ಇತ್ತು, ಹೊಸದೇ.

ಹೊರಗೆ ಶೀನಣ್ಣ ಮರ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತತೊಡಗಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಟಕ್ ಟಕ್ ಟಕ್ ಎಂಬ ಸದ್ದು ಬಂತು. ಇನ್ನೂ ಅರಳದ ತೆಂಗಿನ ಹೂವಿನ ಕೊಂಬನ್ನು ಸಣ್ಣ ಕೊಡತಿಯಿಂದ ಮೆತ್ತಗೆ ಬಡಿದರೆ ಮಾತ್ರ ಅದು ಕಳ್ಳು ಸುರಿಸುತ್ತದಂತೆ. ನಾನು ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿದೆ. ಅಷ್ಟೆತ್ತರದಲ್ಲಿ ಗರಿಯ ನಡುವೆ ಒಂದು ಕಾಲು ಮಾತ್ರ ಕಾಣುತ್ತಿತ್ತು. ಆಗಲೇ ಕಡಲ ಗಾಳಿ ಬೀಸಿತು. ಇಡೀ ಮರ ತೂಗಿತು.

"ಅಯ್ಯೋ, ಜಾಗ್ರತಿ!" ನನ್ನ ಬಾಯಿಂದ ಹೊರಬಿದ್ದೇ ಬಿಟ್ಟಿತು.

ಟಕ್ ಟಕ್ ನಿಂತಿತು. ಗರಿ ಸರಿಸಿ ಒಂದು ಮುಖ ಕೆಳಗೆ ಬಾಗಿ ನಮ್ಮನ್ನು ಹುಡುಕಿತು. ಕಾಲು ಜಾಗ ತಪ್ಪಿತು, ತಡಕಾಡಿತು, ಮತ್ತೆ ಊರಿತು. ಗಿರಿಜಕ್ಕ ಯಾವಾಗ ಓಡಿ ಬಂದರೋ, ಮಸಾಲೆಯ ಕೈಯಿಂದಲೇ ನನ್ನ ಮುಂಗೈ ಬಿಗಿಯಾಗಿ ಹಿಡಿದಿದ್ದರು. ಮುಖ ಮೇಲೆ ಹೋಯಿತು. ಟಕ್ ಟಕ್ ಟಕ್.

ಗಿರಿಜಕ್ಕ ಕೈ ಬಿಟ್ಟರು. ಬೈಯಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು: "ಮರದ್ ಮೇಲೆ ಇದ್ದವ್ರನ್ನ ಕೆಳ್ಗಿಂದ ಕರೂಕಾಗ. ನಮ್ಮತ್ತೆ ಕಾಲದಿಂದ್ಲೂ ಹಾಂಗೆ. ಕರ್ದ್ರೆ ಅವ್ರ್ ತಿರ್ಗಿ ಕಾಂತ್ರ್. ತಿರ್ಗಿ ಕಂಡ್ರೆ ಕಾಲ್ ತಪ್ಪುದ್."

"ನಿಮ್ಗೆ ಹೆದ್ರಿಕೆ ಆತಿಲ್ಯಾ?"

"ಆತಿಲ್ದೆ ಇತ್ತಾ? ಬಿದ್ದ್ ಎದ್ದ್ ಮತ್ತೆ ಹತ್ತಿದ್ ದಿನ ಕೂಗ್ ಬಾಯಿ ತುದಿಗೆ ಬಂದಿತ್ತ್. ಸೆರಗ್ ಬಾಯಿಗೆ ತುರ್ಕ್ಕಂಡ್ ನಿಂತಿದ್ದೆ." ಒರಳಿನ ಗುಂಡು ತಿರುಗಿಸುತ್ತಾ ಮುಂದುವರಿಸಿದರು. "ಈಗ ಕಾಂಬುದೇ ಇಲ್ಲೆ. ಕಿವಿ ಕೊಟ್ಟ್ ಕೇಂತೆ. ಟಕ್ ಟಕ್ ಬತ್ತಾ ಇದ್ರೆ ಅವ್ರ್ ಇದ್ರ್. ಅದ್ಕೇ ಅವ್ರ್ ಮರದ್ ಮೇಲೆ ಇಪ್ಪ ಹೊತ್ತಿಗೆ ಮಿಕ್ಸಿ ಹಾಕುದಿಲ್ಲೆ. ಮಿಕ್ಸಿ ಗಲಾಟಿಗೆ ಎಂತ ಕೇಂತ್?"

ಗದ್ದೆಯ ಬದಿಯಲ್ಲಿ ಏನೋ ಎಂದು ಗಾಬರಿಯಿಂದ ತಿರುಗಿದ ನಮ್ಮವರ ಮುಖ ಕಣ್ಣ ಮುಂದೆ ಬಂತು. ಇಷ್ಟು ದಿನ ಅವರನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಗಿರಿಜಕ್ಕನ ಕಾಯುವಿಕೆಯ ಮುಂದೆ ನನ್ನದು ಬರೀ ಗಲಾಟೆ ಅನಿಸಿತು.

ಶೀನಣ್ಣ ಇಳಿದು ಬಂದು, "ಎಂತಕೆ ಕರ್ದದ್ದ್?" ಎಂದು ನನ್ನನ್ನು ಕೇಳಿದರು. ಬಾವಿಕಟ್ಟೆಯಿಂದ ನಮ್ಮವರು, "ಅವ್ಳಿಗೆ ಅದೊಂದ್ ಅಭ್ಯಾಸ ಮಾರಾಯ್ರೆ" ಎಂದರು. ವಾಪಸ್ ಹೋಗೋಣ ಎಂದ ಮೇಲೆ ಅವರಾಡಿದ ಮೊದಲ ಮಾತು ಅದು. ಎಲ್ಲರೂ ನಕ್ಕೆವು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡೆ.

ಒಳಮೈಗೆ ಸುಣ್ಣ ಬಳಿದ ಮಡಕೆಯಲ್ಲಿ ಇಳಿಸಿದ, ಹುಳಿಯೇರದ ಸಿಹಿ ರಸವನ್ನು ಶೀನಣ್ಣ ಲೋಟಕ್ಕೆ ಬಗ್ಗಿಸಿದರು. ಅಮಲಿಲ್ಲದ್ದು. ನಮ್ಮವರು ಲೋಟ ಹಿಡಿದು ಅಭ್ಯಾಸದಂತೆ ನನ್ನ ಕಡೆ ನೋಡಿದರು. ನಾನು ತೆಂಗಿನ ಮರ ನೋಡುತ್ತಾ ನಿಂತೆ. ಅವರು ಎರಡೇ ಗುಟುಕು ಕುಡಿದು, "ಸಾಕ್, ಭಾರಿ ಸೀ ಇತ್ತ್" ಎಂದು ತಾವೇ ಲೋಟ ಕೆಳಗಿಟ್ಟರು. ಆಮೇಲೆ ಶೀನಣ್ಣನನ್ನು, "ಬಿದ್ದ್ ಮೇಲೆ ಮೊದಲ್ನೇ ಸಲ ಹ್ಯಾಂಗ್ ಹತ್ತಿದ್ರಿ?" ಎಂದು ಕೇಳಿದರು.

"ಮೊದಲ್ನೇ ದಿನ ಹತ್ಲಿಲ್ಲೆ. ಮರ ಮುಟ್ಟಿ ವಾಪಸ್ ಬಂದೆ. ಮತ್ತೊಂದಿನ ಅರ್ಧ. ಮತ್ತೊಂದಿನ ಹ್ಯಾಂಗೋ ಮೇಲೆ ಇದ್ದೆ" ಎಂದರು ಶೀನಣ್ಣ.

ಅಂಗಳದಿಂದ ಸೈಕಲ್ ಹೊರಗೆ ತಂದೆವು. ಬಲಕ್ಕೆ ತಿರುಗಿದರೆ ತಲ್ಲೂರು, ಎಡಕ್ಕೆ ಹೊಳೆ ದಾಟಿ ಕಡಲು. ನಮ್ಮವರು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಾ ಬಹಳ ಹೊತ್ತು ನಿಂತರು. ನಾನು ಹೇಳಲಿ ಎಂದು ಕಾಯುತ್ತಿದ್ದರು.

"ನೀವ್ ಮುಂದೆ ಹೋಗಿ, ನಾ ಹಿಂದಿಂದ ಬತ್ತೆ" ಎಂದೆ. ಯಾವ ಕಡೆಗೆ ಎಂದು ಹೇಳಲಿಲ್ಲ.

ಅವರು ಎಡಕ್ಕೆ ತಿರುಗಿದರು.

ಹೊಳೆಯ ಮೇಲಿನ ಸಣ್ಣ ಸೇತುವೆಯಲ್ಲಿ ಗಾಳಿ ಜೋರಿತ್ತು. ಅವರ ಅಂಗಿ ಬೆನ್ನಿನ ಮೇಲೆ ಬುರುಬುರು ಹಾರುತ್ತಿತ್ತು. ಸೇತುವೆ ಇಳಿದವರೇ ತೋಟದ ತಿರುವಿನಲ್ಲಿ ಮರೆಯಾದರು. ಹ್ವಾಯ್ ಎಂಬ ಮಾತು ಗಂಟಲಿಗೆ ಬಂತು. ಚೂಡಿದಾರದವಳಿಗೆ ಸೆರಗೆಲ್ಲಿ? ಶಾಲಿನ ತುದಿಯನ್ನೇ ಕಚ್ಚಿಕೊಂಡೆ. ರಸ್ತೆ ಖಾಲಿ. ಆಗ ಮುಂದಿನ ತಿರುವಿನಿಂದ ಟ್ರಿಣ್ ಟ್ರಿಣ್ ಎಂದು ಬೆಲ್ ಕೇಳಿತು. ಇನ್ನೊಂದು ತಿರುವು, ಮತ್ತೆ ಟ್ರಿಣ್ ಟ್ರಿಣ್. ಬಸ್ಸಿನವರ ಅಭ್ಯಾಸ, ತಿರುವಿನಲ್ಲಿ ಹಾರ್ನ್ ಹೊಡೆಯದೆ ಹೋಗುವವರಲ್ಲ. ಬೆಳಗಿನಿಂದ ಆ ಬೆಲ್ ಹೊಡೆಯುತ್ತಲೇ ಇದ್ದರು, ನನ್ನ ಕೂಗಿನಲ್ಲಿ ನಾನೇ ಅದಕ್ಕೆ ಕಿವಿ ಕೊಟ್ಟಿರಲಿಲ್ಲ.

ಮರವಂತೆಯಲ್ಲಿ ಕಡಲಿಗೆ ಮುಖ ಮಾಡಿ ನಿಂತಿದ್ದರು. ಹತ್ತಿರ ಹೋದಾಗ, "ಎಂತ, ಇವತ್ತ್ ಕಂಡಕ್ಟರ್ ರಜೆಯಾ?" ಎಂದರು. ನಾನು ಹೌದೆಂದೆ.

ಈಗ ಅವರು ಒಂದು ಸೈಕಲ್ ಇಟ್ಟುಕೊಂಡಿದ್ದಾರೆ. ದಿನಾ ಬೆಳಿಗ್ಗೆ ಕೋಟದವರೆಗೆ ಹೋಗಿ ಮೀನು ತರುತ್ತಾರೆ. ಜಗಲಿಯ ಕುರ್ಚಿಯ ಮೇಲೆ ಈಗ ಹಪ್ಪಳ ಒಣಗಿಸುತ್ತೇನೆ. ಹೆದರಿಕೆ ಹೋಗಿದೆಯೇ ಎಂದು ಕೇಳಿದರೆ, ಇಲ್ಲ. ಗೇಟು ದಾಟಿದ ಕೂಡಲೇ ಶುರುವಾಗುತ್ತದೆ, ಓಣಿಯ ತಿರುವಿನಲ್ಲಿ ಬೆಲ್ ಕೇಳುವವರೆಗೆ ಇರುತ್ತದೆ. ಫೋನ್ ಮಾಡುವುದಿಲ್ಲ, ಗೇಟಿಗೆ ಹೋಗಿ ನಿಲ್ಲುವುದಿಲ್ಲ. ಪ್ರೀತಿಗೆ ಬಾಯಿಗಿಂತ ಕಿವಿ ದೊಡ್ಡದಿರಬೇಕು ಎಂದು ಆ ಅಡುಗೆಮನೆಯಲ್ಲಿ ಕಲಿತೆ.

ಮೊನ್ನೆ ಮೀನಿನ ಚೀಲ ಒಳಗಿಟ್ಟವರೇ, "ಇಷ್ಟೊತ್ತಾಯ್ತ್, ಇನ್ನೂ ಚಟ್ನಿ ಆಯ್ಲಿಲ್ಯಾ? ದಿನಾ ನಾ ಬಂದ್ ಮೇಲೇ ಮಿಕ್ಸಿ ಹಾಕುದ್ ಎಂತಕೆ ನೀನ್?" ಎಂದು ಕೇಳಿದರು.

"ಕರೆಂಟ್ ಇರ್ಲಿಲ್ಲೆ" ಎಂದೆ.

ಅವರು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕೈ ತೊಳೆಯಲು ಹೋದರು.