ನಿನ್ನೆಯ ರಂಗೋಲಿ

ಕೋವಿಡ್ ಮುಗಿದ ಮರುವರ್ಷ ನಾನು ಮಿರಜಿನ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಆಗಿದ್ದೆ. ಔಷಧ ಕೊಡುವುದು ಡಾಕ್ಟರರ ಪಾಲು. ಚೇತರಿಸಿಕೊಳ್ಳುವವರ ಕೈಗೆ ಮತ್ತೆ ಕೆಲಸ ಹಚ್ಚುವುದು ನನ್ನ ಪಾಲು. ನಿವೃತ್ತಿಗೆ ಆರೇ ತಿಂಗಳಿತ್ತು. ಎಲ್ಲ ಬಲ್ಲೆನೆಂಬ ಜಂಭವೂ ಇತ್ತು, ಸುಳ್ಳೇಕೆ ಹೇಳಲಿ.

ಆಗ ಬಂದವಳು ಬುಧಗಾಂವದ ಶೋಭಾ. ಸಾಂಗಲಿಯ ಮದುವೆಗಳಲ್ಲಿ ಕೋಣೆಯಷ್ಟಗಲದ ರಂಗೋಲಿ ಬಿಡಿಸಿ ಹೆಸರಾದ ಕಲಾವಿದೆ. ತೀವ್ರ ಖಿನ್ನತೆ. ಮೂರು ವಾರವಾದರೂ ಮಾತಿಲ್ಲ, ಊಟವನ್ನೂ ಅತ್ತೆಯೇ ತಿನ್ನಿಸಬೇಕು. "ಮನ್ಯಾಗ ಕೂಸು ದಿನಾ ಕೇಳ್ತೈತ್ರಿ, ಅವ್ವ ಯಾವಾಗ ಬರ್ತಾಳಂತ. ನಾ ಏನ್ ಹೇಳ್ಲಿ ಬಾಯಾರ?" ಎಂದು ಆ ಹಿರಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ನಾಲ್ಕನೇ ವಾರ ವಾರ್ಡಿನ ಪಡಸಾಲೆಯಲ್ಲಿ ರಂಗೋಲಿ ಡಬ್ಬಿಗಳನ್ನಿಟ್ಟು ಸುಮ್ಮನೆ ಕುಳಿತೆ. ಎರಡು ದಿನ ಶೋಭಾ ನೋಡಲೂ ಇಲ್ಲ. ಮೂರನೇ ದಿನ ಬಂದು, ಕುಕ್ಕರಗಾಲಲ್ಲಿ ಕುಳಿತು, ಒಂದು ನವಿಲು ಬಿಡಿಸಿದಳು. ಅಬ್ಬಾ, ಆ ಕತ್ತಿನ ನೀಲಿ! ನನಗೆ ಅಳುವೇ ಬಂತು. ಡಾಕ್ಟರರಿಗೆ ತೋರಿಸಲೆಂದು ಸುತ್ತ ಕುರ್ಚಿಗಳನ್ನಿಟ್ಟೆ. ಗುಡಿಸಲು ಬಂದವಳನ್ನೂ ಬೈದು ಕಳಿಸಿದೆ.

ಮರುದಿನ ಬೆಳಿಗ್ಗೆ ಶೋಭಾ ಬಂದಳು, ನವಿಲನ್ನು ನೋಡಿದಳು, ಹಿಂದಿರುಗಿ ಚಾದರ ಮುಸುಕೆಳೆದು ಮಲಗಿದಳು. ಎರಡು ದಿನ ಏಳಲಿಲ್ಲ. ಇಷ್ಟು ಜೋಪಾನ ಮಾಡಿದರೂ ಹೀಗೇ ಎಂದು ನಾನು ಸಿಡಿಮಿಡಿಗೊಂಡೆ. ಕೊನೆಗೆ ಅತ್ತೆಯೇ ಬಾಯಿಬಿಟ್ಟರು: "ತಪ್ಪು ತಿಳೀಬ್ಯಾಡ್ರಿ. ನಿನ್ನಿ ರಂಗೋಲಿ ಬಾಗಿಲ್ದಾಗ ಹಂಗ ಇತ್ತಂದ್ರ ಆ ಮನ್ಯಾಗ ಹೆಣ್ಮಗಳು ಎದ್ದಿಲ್ಲಂತ ಅರ್ಥ. ಇಕಿ ಹಾಸಿಗಿ ಹಿಡದಾಗ ನಮ್ಮ ಬಾಗಿಲ್ದಾಗೂ ಹಳೇದು ಹಂಗ ಉಳದಿತ್ತು."

ನಮ್ಮ ಮನೆಯಲ್ಲೂ ದಿನಾ ಅಳಿಸಿಯೇ ಹೊಸದು ಹಾಕುವುದು. ಗೊತ್ತಿದ್ದದ್ದೇ, ಫೈಲಿಗೆ ಪುರಾವೆ ಬೇಕೆಂಬ ಆತುರದಲ್ಲಿ ಮರೆತಿದ್ದೆ. ಬಹಳ ನಾಚಿಕೆಯಾಯಿತು. ಶೋಭಾಳ ಮಂಚಕ್ಕೆ ಕಾಣುವಂತೆ ಕುರ್ಚಿ ಸರಿಸಿ, ಕಸಬರಿಗೆ ಹಿಡಿದೆ. ಆದರೆ ಆ ನವಿಲಿನ ಮೇಲೆ ಕೈ ಓಡದೆ, ಬಾಲದ ತುದಿಯನ್ನಷ್ಟೇ ಕೆದಕುತ್ತ ನಿಂತೆ.

"ಹಂಗಲ್ರೀ ಮ್ಯಾಡಮ್," ಬೆನ್ನ ಹಿಂದೆ ಶೋಭಾಳ ದನಿ. "ಅತ್ತಾಗ ಸರೀರಿ, ಇಲ್ಲಿ ಕೊಡ್ರಿ."

ನಾಲ್ಕು ಸಲ ಕಸಬರಿಗೆಯಾಡಿಸಿ ಇಡೀ ನವಿಲನ್ನು ಬಳಿದು ಹಾಕಿ, ನೀರು ಹೊಡೆದು, ನನ್ನನ್ನು ಕೇಳಿದಳು: "ಇವತ್ತ ಯಾವ ವಾರರಿ? ಆ ವಾರದ ರಂಗೋಲಿ ಹಾಕ್ಬೇಕಲ್ರಿ."

ಔಷಧವೂ ತನ್ನ ಕೆಲಸ ಮಾಡಿತ್ತು, ಅದನ್ನು ಮರೆಯಬಾರದು. ತಿಂಗಳೊಳಗೆ ಶೋಭಾ ಮನೆಗೆ, ಕೂಸಿನ ಬಳಿಗೆ ಹೋದಳು. ಈಗ ಸಾಂಗಲಿಯ ವಿಶ್ರಾಮಬಾಗದಲ್ಲಿ ಅವಳು ನಡೆಸುವ ರಂಗೋಲಿ ಕ್ಲಾಸಿಗೆ ನಮ್ಮ ವಾರ್ಡಿನಿಂದ ಗುಣವಾಗಿ ಹೋದ ಹೆಂಗಸರೂ ಬರುತ್ತಾರೆ. ಮೊದಲ ಪಾಠ ಕಸಬರಿಗೆಯದಂತೆ.

ಬಾಗಿಲ ರಂಗೋಲಿ ಅಳಿಸುವಾಗಲೆಲ್ಲ ನನಗೆ ಆ ಪಡಸಾಲೆ ನೆನಪಾಗಿ ಜೀವ ಹಿಂಡುತ್ತದೆ. ವಾರ್ಡಿನೊಳಗೆ ಮೊಬೈಲ್ ಒಯ್ಯುವಂತಿರಲಿಲ್ಲ, ನವಿಲಿನ ಫೋಟೋ ಕೂಡ ನನ್ನಲ್ಲಿಲ್ಲ. ಅಂದು ಕೇಸ್ ಪೇಪರಿನಲ್ಲಿ ಬರೆದದ್ದು ಒಂದೇ ಸಾಲು: ತಾನು ಬಿಡಿಸಿದ್ದನ್ನು ತಾನೇ ಅಳಿಸಿದಳು. ಕೆಲಸ ನನಗೆ ಕಲಿಸಿದ್ದೂ ಅಷ್ಟೇ. ಚಿತ್ರ ಹೋದರೆ ಹೋಗಲಿ, ಬಿಡಿಸಿದವಳು ಬೆಳಿಗ್ಗೆ ಏಳಬೇಕು.